ಸಾಮೂಹಿಕ ಗಾಯನದಲ್ಲಿ ಉಚ್ಚಾರಶುದ್ಧಿ

1924ರಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನೆರೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಹಾಡಿದ್ದುದು ಪ್ರಸಿದ್ಧವಾಗಿದೆ. ಅಧಿವೇಶನ ನಡೆದ ತಿಲಕವಾಡಿಯ ನೆರೆಯಲ್ಲಿಯೇ ಇಂದು ಉದ್ಯಮಬಾಗವಿದೆ. ಕಾರ್ಖಾನೆಗಳ ಈ ಪರಿಸರದಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಪ್ರಾರ್ಥನೆ ಹಾಡುವುದುಂಟು.

ಇಂಥಲ್ಲಿ ರಾಗವು ಬೇಗನೆ ಕೂಡುತ್ತದೆ. ಮಾತು ಕೂಡುವುದು ತಡ. ಮರಾಠಿಯಲ್ಲಿ ಪದಾಂತ್ಯದ ಅಕಾರವು ಸಾಮಾನ್ಯವಾಗಿ ಲೋಪವಾಗುವುದರಿಂದ ಆ ಮನೆಯ ಮಗು ಕನ್ನಡ ಪದದ ಕೊನೆಯನ್ನೂ ತುಂಡರಿಸಬಹುದು. ಉರ್ದುವಿನಲ್ಲಿ ಳಕಾರವಿಲ್ಲದುದರಿಂದ ‘ಹಳ್ಳಿ’ಯು ‘ಹಲ್ಲಿ’ಯಾಗಬಹುದು. ಕನ್ನಡದ ಮಗುವೂ ತಾಳಕ್ಕಾಗಿ ಹ್ರಸ್ವವನ್ನೆಳೆದು ‘ಕರು’ವನ್ನು ‘ಕಾರು’ ಮಾಡೀತು.

ಆದುದರಿಂದ ಶಿಕ್ಷಕರು ಮೊದಲು ಅರ್ಥವನ್ನು ತಿಳಿಸಿ, ಪದ್ಯವನ್ನು ರಾಗವಿಲ್ಲದೆ, ತಾಳಕ್ಕೆ ಸರಿಯಾಗಿ ನಿಧಾನವಾಗಿ ನುಡಿಸಬೇಕು. ಬಳಿಕ ಪಿಸುಮಾತಿನಲ್ಲಿ ನುಡಿಸಬೇಕು. ನಾಲಗೆ, ತುಟಿಗಳು ಚೆನ್ನಾಗಿ ಆಡದಿದ್ದರೆ ಪಿಸುಮಾತು ತಿಳಿಯದು. ಅನಂತರವೇ ರಾಗ. ಅರ್ಧ ಮಕ್ಕಳು ಹಾಡುವಾಗ ಉಳಿದವರು ಕೋಣೆಯ ಕೊನೆಯಲ್ಲಿ ನಿಂತು ಕೇಳಿ, ತಮಗೆ ತಿಳಿಯದೆ ಹೋದ ಪದವನ್ನು ಹೇಳಲಿ.

ತೊದಲುವ ಮಗುವಿಗೆ “ಸುಮ್ಮನೆ ತುಟಿಯಾಡಿಸು” ಎನ್ನುವುದು ಸುಲಭ. ಅದರಿಂದ ಹಾಡು ಶುದ್ಧವಾದೀತು, ಮಗು ಮೂಕವಾದೀತು. ಒಂದು ದನಿಯನ್ನೂ ಕಳೆದುಕೊಳ್ಳದೆ ಪಡೆದ ಶುದ್ಧಿಯೇ ಶಾಲೆಗೆ ಶೋಭೆ.