ಅಕ್ವಾಪಿಮ್ ಗುಡ್ಡದ ಮನೆಗಳಲ್ಲಿ ತಂಗುವ ಸ್ವಯಂಸೇವಕರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಘಾನಾ ದೇಶದ ಅಕ್ವಾಪಿಮ್ ಗುಡ್ಡಗಳ ಹಳ್ಳಿಗಳಿಗೆ ಸಭೆಯ ಸೇವೆಗೆಂದು ಹೊರಟಿರುವ ನೀವು ಅಲ್ಲಿ ಒಂದೊಂದು ರೈತ ಕುಟುಂಬದ ಮನೆಯಲ್ಲಿ ಇರುತ್ತೀರಿ. ಮೊದಲು ಒಂದು ಮಾತು ಮನಸ್ಸಿನಲ್ಲಿ ಊರಿರಲಿ: ಆ ಮನೆಗೆ ದೇವರನ್ನು ಕರೆದೊಯ್ಯುತ್ತಿರುವವರು ನೀವಲ್ಲ. ಬಾಸೆಲ್ ಮಿಶನ್ ನಮ್ಮ ಮಂಗಳೂರಿಗೆ ಬಂದದ್ದು 1834ರಲ್ಲಿ. ಘಾನಾದ ಕರಾವಳಿಗೆ ಅದು 1828ರಲ್ಲೇ ಇಳಿದಿತ್ತು. ನಮ್ಮ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗುವ ಹೊತ್ತಿಗೆ, ಅದೇ ಮಿಶನ್ನಿನ ಕ್ರಿಸ್ಟಾಲರ್ ಅಲ್ಲಿನ ಟ್ವಿ ಭಾಷೆಗೆ 1871ರಲ್ಲಿ ಬೈಬಲನ್ನೂ 1881ರಲ್ಲಿ ನಿಘಂಟನ್ನೂ ಕೊಟ್ಟಾಗಿತ್ತು. ನೀವು ಹೋಗುತ್ತಿರುವುದು ಹಳೆಯ ನೆಂಟರ ಮನೆಗೆ. ಕೆಳಗಿನ ನಿಯಮಗಳಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಹೊರಡುವ ಮುಂಚೆ

1. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರ ಪಾಸ್‌ಪೋರ್ಟಿನ ಜೊತೆಗೇ ಇರಬೇಕು. ಘಾನಾಕ್ಕೆ ಕಾಲಿಡಲೂ ಅದು ಬೇಕು, ಭಾರತಕ್ಕೆ ಮರಳಲೂ ಬೇಕು.

2. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನವೂ ತಪ್ಪದೆ ನುಂಗಿ. ಸೊಳ್ಳೆಪರದೆ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. 1828ರಲ್ಲಿ ಬಂದಿಳಿದ ನಾಲ್ವರು ಮಿಶನರಿಗಳಲ್ಲಿ ಮೂವರು ವರ್ಷ ತುಂಬುವುದರೊಳಗೆ ತೀರಿಕೊಂಡರು. ಆಮೇಲೆ ಬಂದ ಆಂಡ್ರಿಯಾಸ್ ರೀಸ್ ಕಾಯಿಲೆ ಬಿದ್ದಾಗ ಅವರನ್ನು ಉಳಿಸಿಕೊಂಡದ್ದು ಅಲ್ಲಿನ ನಾಟಿ ವೈದ್ಯರೊಬ್ಬರ ಆರೈಕೆ. ಆದ್ದರಿಂದ ಮೈ ಬಿಸಿಯಾದರೆ ಮುಚ್ಚಿಡಬೇಡಿ. ಮನೆಯವರಿಗೆ ಹೇಳಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

3. ನೀವು ಯಾವ ವಾರ ಹುಟ್ಟಿದ್ದೆಂದು ತಾಯಿಯನ್ನು ಕೇಳಿಕೊಂಡು ಬನ್ನಿ. ಟ್ವಿ ಆಡುವ ಅಲ್ಲಿನ ಅಕಾನ್ ಜನ ಹುಟ್ಟಿದ ವಾರದ ಹೆಸರಿಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಸೋಮವಾರ ಹುಟ್ಟಿದ ಹೆಣ್ಣು ಅಜೋವಾ. ಆ ಹೆಸರಿನಿಂದ ನಿಮ್ಮನ್ನು ಕರೆದ ದಿನ ನೀವು ಆ ಮನೆಯ ಲೆಕ್ಕಕ್ಕೆ ಸೇರಿದಿರಿ ಎಂದು ತಿಳಿಯಿರಿ.

ಮಾಡಬೇಕಾದ್ದು

1. ಮೊದಲು ವಂದನೆ, ಆಮೇಲೆ ಮಾತು. ಬೆಳಿಗ್ಗೆ ಎದ್ದವರು ಮನೆಯ ಹಿರಿಯರಿಗೆ ವಂದಿಸದೆ ಬಚ್ಚಲಿಗೂ ಹೋಗಬೇಡಿ. ಹಲವರು ಕೂತಿರುವ ಕಡೆ ನಿಮ್ಮ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಕುಲುಕುತ್ತಾ ಎಡಕ್ಕೆ ಸಾಗಿ. ಯಾರನ್ನೂ ದಾಟಿ ಮುಂದೆ ಹೋಗಬೇಡಿ. ಅಜ್ಜ, ಅಜ್ಜಿ ಇಬ್ಬರಿಗೂ ‘ನಾನಾ’ ಎನ್ನಿ. ಹಿರಿಯರನ್ನು ಬರಿಯ ಹೆಸರಿನಿಂದ ಕರೆಯಲೇಬಾರದು.

2. ಬಂದ ಕೂಡಲೇ ಕೂರಿಸಿ ನೀರು ಕೊಡುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಿ. ಆ ನೀರು ಹೊಟ್ಟೆಗೆ ಒಗ್ಗೀತೋ ಇಲ್ಲವೋ ಎಂಬ ಅನುಮಾನವಿದ್ದರೆ ತುಟಿಗೆ ತಾಗಿಸಿ, ವಂದಿಸಿ ಮರಳಿಸಿ. ಬೇಡವೆಂದು ಕೈ ಆಡಿಸಬೇಡಿ. ನೀರಾದ ಮೇಲೆ ಅವರೇ ‘ಅಮಾನೆ’ ಕೇಳುತ್ತಾರೆ, ಎಂದರೆ ಬಂದ ಕಾರಣ. ಅವರು ಕೇಳುವವರೆಗೆ ನಿಮ್ಮ ಯೋಜನೆಯ ಮಾತು ತೆಗೆಯಬೇಡಿ.

3. ಕೊಡುವುದು, ಕೊಳ್ಳುವುದು, ಉಣ್ಣುವುದು, ತೋರಿಸುವುದು, ಕರೆಯುವುದು ಎಲ್ಲವೂ ಬಲಗೈಯಲ್ಲೇ. ನಮ್ಮಲ್ಲೂ ಇದೇ ರೂಢಿ ಎಂದು ಸಡಿಲ ಬಿಡಬೇಡಿ, ಅಲ್ಲಿ ಎಡಗೈಯಿಂದ ಸನ್ನೆ ಮಾಡಿದರೂ ಅದು ಅವಮಾನವೇ. ಒಮ್ಮೆ ಬಲಗೈಯಲ್ಲಿ ಬಕೆಟ್ ಇತ್ತೆಂದು ನಾನು ಮನೆಯ ಅಜ್ಜಿಗೆ ಎಡಗೈಯಲ್ಲಿ ಸಾಬೂನು ಚಾಚಿದೆ. ಮಡಿಲ ಮೇಲಿದ್ದ ಅವರ ಕೈ ಏಳಲಿಲ್ಲ. ಬೈಯಲೂ ಇಲ್ಲ. ನಾನು ಬಕೆಟ್ ಕೆಳಗಿಟ್ಟು, ಕೈ ಬದಲಿಸಿ ಕೊಟ್ಟ ಮೇಲೆಯೇ ಆ ಕೈ ಮುಂದೆ ಬಂತು.

4. ಮನೆಯವರು ಉಣ್ಣುವುದನ್ನೇ ಉಣ್ಣಿ. ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿಯನ್ನು ಒರಳಿನಲ್ಲಿ ಕುಟ್ಟಿ ಮಾಡಿದ ಫುಫುವನ್ನು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿಮುದ್ದೆ ಉಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಯಾವುದಾದರೂ ಮಾಂಸ ತಿನ್ನದವರು ಮೊದಲ ದಿನವೇ ಮನೆಯೊಡತಿಗೆ ಮೆಲ್ಲಗೆ ಹೇಳಿ. ತಟ್ಟೆ ಮುಂದೆ ಬಂದ ಮೇಲೆ ಮುಖ ತಿರುಗಿಸುವುದು ತಪ್ಪು.

5. ನೀರನ್ನು ಅಳೆದು ಬಳಸಿ. ಸ್ನಾನಕ್ಕೆ ಒಂದೇ ಬಕೆಟ್. ನಾನಿದ್ದ ಮನೆಯಲ್ಲಿ ಬೆಳಗಿನ ಐದಕ್ಕೆ ಎದ್ದು ಅಂಗಳ ಗುಡಿಸಿ, ಬೋರ್‌ವೆಲ್ಲಿನಿಂದ ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದವಳು ಶಾಲೆಗೆ ಹೋಗುವ ಹುಡುಗಿ. ಮೊದಲ ಬಕೆಟ್ ನನ್ನ ಬಾಗಿಲಿಗೆ ಬರುತ್ತಿತ್ತು, ಅವಳ ಸ್ನಾನ ಕೊನೆಗೆ. ನಾಲ್ಕನೆಯ ದಿನದಿಂದ ನಾನೂ ಅವಳ ಜೊತೆ ಹೋದೆ. ನೀವು ಮೊದಲ ದಿನದಿಂದಲೇ ಹೋಗಿ.

6. ಉಡುಗೊರೆಯನ್ನು ಮನೆಯ ಹಿರಿಯರ ಕೈಗೇ ಕೊಡಿ. ಅಕ್ಕಿ, ಸಕ್ಕರೆ, ಸಾಬೂನು ಸಾಕು. ಅಕಾನರಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುತ್ತದೆ, ಸೋದರಮಾವನ ಮಾತಿಗೆ ತೂಕ ಹೆಚ್ಚು. ಅಳಿಯಕಟ್ಟು ಬಲ್ಲ ಕರಾವಳಿಯವರು ಇದನ್ನು ಬೇಗ ಅರಿಯಬಲ್ಲಿರಿ. ಊರಿನ ಇನ್ನೊಂದು ಮನೆಯಲ್ಲಿರುವ ಮಾವನನ್ನೂ ಕಂಡು ವಂದಿಸಿ ಬನ್ನಿ.

7. ಉಪಕಾರಕ್ಕೆ ಎರಡು ಸಲ ಕೃತಜ್ಞತೆ ಹೇಳಬೇಕು: ಆ ಹೊತ್ತಿಗೆ ಒಮ್ಮೆ, ಮಾರನೆಯ ಬೆಳಿಗ್ಗೆ ಹೋಗಿ ಇನ್ನೊಮ್ಮೆ. ಟ್ವಿಯಲ್ಲಿ ಕೃತಜ್ಞತೆಗೆ ಹೇಳುವ ‘ಮೆದಾಸೆ’ ಎಂಬ ಮಾತಿನ ಮೂಲ ಅರ್ಥವೇ ‘ನಿಮ್ಮ ಅಡಿಯಲ್ಲಿ ಮಲಗುತ್ತೇನೆ’ ಎಂದು. ಆ ಭಾರ ಅರಿತು ಆಡಿ.

ಮಾಡಬಾರದ್ದು

1. ಮಕ್ಕಳ ಫೋಟೊ ತೆಗೆಯಕೂಡದು. ಮಣ್ಣಿನ ಗೋಡೆ, ಹರಿದ ಅಂಗಿ, ಬರಿಗಾಲು ತೋರಿಸಿ ನಮ್ಮ ಸಭೆಗಳಲ್ಲಿ ಕಾಣಿಕೆ ಎತ್ತುವುದು ಉಂಡ ಮನೆಗೆ ಮಾಡುವ ದ್ರೋಹ. ದೊಡ್ಡವರ ಫೋಟೊ ಬೇಕಿದ್ದರೆ ಕೇಳಿ, ತೆಗೆದದ್ದನ್ನು ಅವರಿಗೂ ಕೊಡಿ.

2. ಮಕ್ಕಳನ್ನು ನಿಮ್ಮ ಕೋಣೆಯೊಳಗೆ ಕರೆಯಕೂಡದು. ಪಾಠವಾಗಲಿ ಆಟವಾಗಲಿ, ಎಲ್ಲರ ಕಣ್ಣಿಗೆ ಬೀಳುವ ಅಂಗಳದಲ್ಲಿ.

3. ಕೈಯಲ್ಲಿ ಹಣ ಹಂಚಕೂಡದು. ಓದಿಸುತ್ತೇನೆ, ವೀಸಾ ಮಾಡಿಸುತ್ತೇನೆ, ಫೋನ್ ಕಳಿಸುತ್ತೇನೆ ಎಂದು ಬಾಯಿಮಾತಿಗೂ ಹೇಳಬೇಡಿ. ನೀವು ಮರೆತ ಮಾತನ್ನು ಒಂದು ಮನೆ ವರ್ಷಗಟ್ಟಲೆ ಕಾಯುತ್ತದೆ. ನೆರವು ಏನಿದ್ದರೂ ಅಲ್ಲಿನ ಸಭೆಯ ಹಿರಿಯರ ಮೂಲಕವೇ ಹೋಗಲಿ.

4. ಪೂರ್ವಜರಿಗೆಂದು ನೆಲಕ್ಕೆ ಪಾನೀಯ ಎರೆಯುವಾಗ ಅಡ್ಡಬಾಯಿ ಹಾಕಬಾರದು. ಸುಮ್ಮನೆ ನಿಲ್ಲಿ. ನಿಮ್ಮ ನಂಬಿಕೆಗೆ ಅದರಿಂದ ಊನವಿಲ್ಲ. ಸಾವಿನ ಮನೆಗೆ ಕರೆದರೆ ಕಪ್ಪು ಬಟ್ಟೆ ತೊಟ್ಟು ಹೋಗಿ, ಕೈಲಾದಷ್ಟು ಕೊಡಿ, ಕ್ಯಾಮರಾ ಒಯ್ಯಬೇಡಿ.

5. ಮನೆಯವರನ್ನು ನಂಬಿದವರು, ನಂಬದವರು ಎಂದು ಬೇರ್ಪಡಿಸಕೂಡದು. ಹಳೆಯ ಮಿಶನರಿಗಳು ಕ್ರೈಸ್ತರಾದವರಿಗೆಂದು ‘ಸೇಲಂ’ ಎಂಬ ಪ್ರತ್ಯೇಕ ಕೇರಿ ಕಟ್ಟಿದರು. ಒಂದೇ ಊರಿನ ಬಂಧುಗಳ ನಡುವೆ ಗೆರೆ ಬಿತ್ತು. ಆ ಗೆರೆಯನ್ನು ನೀವು ಮತ್ತೆ ಎಳೆಯಬೇಡಿ. ಪ್ರಾರ್ಥನೆಗೆ ಬಾರದ ಚಿಕ್ಕಪ್ಪನ ಪಕ್ಕದಲ್ಲೂ ಕೂತು ಉಣ್ಣಿ.

6. ಕುಟುಂಬಪ್ರಾರ್ಥನೆಯಲ್ಲಿ ಮುಂದಾಳಾಗಬೇಡಿ. ಕೇಳಿಕೊಂಡರೆ ಮಾತ್ರ, ಚಿಕ್ಕದಾಗಿ. 1843ರಲ್ಲಿ ವೆಸ್ಟ್ ಇಂಡೀಸ್‌ನ ಕಪ್ಪು ಕ್ರೈಸ್ತ ಕುಟುಂಬಗಳು ಬಂದು ಬೇರೂರಿದ ಮೇಲೆಯೇ ಈ ಗುಡ್ಡಗಳ ಅಕ್ರೊಪಾಂಗ್ ಊರಿನಲ್ಲಿ ಸಭೆ ನೆಲೆ ಕಂಡಿತು. ಬರಿಯ ಉಪದೇಶದಿಂದ ಆಗದ್ದು ನೆರೆಮನೆಯ ಬಾಳಿನಿಂದ ಆಯಿತು.

7. ಮನೆಯವರ ಎದುರು ಕನ್ನಡದಲ್ಲಿ ಪಿಸುಗುಟ್ಟಿ ನಗಬಾರದು. ಮಾತು ತಿಳಿಯದಿದ್ದರೂ ನಗೆ ಯಾರ ಮೇಲಿನದೆಂದು ಯಾರಿಗೂ ತಿಳಿಯುತ್ತದೆ.

ಮರಳಿದ ಮೇಲೆ

ಊರಿಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಮಾತ್ರೆ ಮುಂದುವರಿಸಿ. ತಿಂಗಳುಗಳ ನಂತರ ಜ್ವರ ಬಂದರೂ ಘಾನಾಕ್ಕೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಿ. ಮನೆ ಮುಟ್ಟಿದ ಮಾರನೆಯ ಬೆಳಿಗ್ಗೆ, ಬೇರೆ ಯಾವ ಕೆಲಸಕ್ಕೂ ಮೊದಲು, ಆ ಮನೆಗೆ ಫೋನ್ ಮಾಡಿ ನಾನಾ ಅವರಿಗೆ ಕೊಡಲು ಹೇಳಿ. ಎರಡನೆಯ ಮೆದಾಸೆ ಇನ್ನೂ ಬಾಕಿ ಇದೆ.