ವಿಮಾನದ ಎಂಜಿನ್: ಡೆಸ್ಸೌದಿಂದ ಬೆಂಗಳೂರಿಗೆ

ವಿಮಾನವನ್ನು ಕಂಡವರ ಕಣ್ಣು ಮೊದಲು ಅದರ ರೆಕ್ಕೆಗಳ ಮೇಲೆ ಬೀಳುವುದು ಸಹಜ. ಆದರೆ ಹಾರಾಟದ ಬಲವಿರುವುದು ಎಂಜಿನ್ನಿನಲ್ಲಿ. ಒಡಲನ್ನು ರೂಪಿಸಿದ ನಾಡು ಎಂಜಿನ್ನಿಗಾಗಿ ಪರರನ್ನು ಅವಲಂಬಿಸಿದರೆ ಏನಾಗುವುದೆಂಬುದಕ್ಕೆ ಬೆಂಗಳೂರಿನ ‘ಮಾರುತ್’ ಯುದ್ಧವಿಮಾನದ ಚರಿತ್ರೆಯೇ ನಿದರ್ಶನ. ಆ ಚರಿತ್ರೆಯ ಒಂದು ಎಳೆ ಎರಡನೆಯ ಮಹಾಯುದ್ಧದ ಜರ್ಮನಿಯಿಂದ ಬಂದುದು.

ಡೆಸ್ಸೌ ನಗರದ ಯುಂಕರ್ಸ್ ಸಂಸ್ಥೆಯು ರೂಪಿಸಿದ ‘ಯೂಮೊ 004’ ಜೆಟ್ ಎಂಜಿನ್ ಯುದ್ಧದ ಕೊನೆಗಾಲದಲ್ಲಿ ಸಾವಿರಗಟ್ಟಲೆ ತಯಾರಾಯಿತು. ನಿಕ್ಕಲ್ ಮೊದಲಾದ ಲೋಹಗಳ ಅಭಾವದಿಂದ ಉರಿಗೆ ಒಡ್ಡಿದ ಹಲವು ಭಾಗಗಳಿಗೆ ಅಲ್ಯೂಮಿನಿಯಂ ಲೇಪಿಸಿದ ಸಾಧಾರಣ ಉಕ್ಕನ್ನೇ ಬಳಸಲಾಯಿತು. ಎಂಜಿನ್ನಿನ ಆಯುಸ್ಸು 10ರಿಂದ 25 ಗಂಟೆಗಳಷ್ಟೆ. ತಯಾರಿಕೆಯ ಒಂದು ಭಾಗವು ನಾರ್ಡ್‌ಹೌಸೆನ್ ಬಳಿಯ ಸುರಂಗಗಳಲ್ಲಿ ಬಲವಂತದ ದುಡಿಮೆಯಿಂದ ನಡೆದುದು ಆ ವಿದ್ಯೆಗೆ ಅಂಟಿದ ಕಳಂಕ. ಯುಂಕರ್ಸ್‌ನಲ್ಲಿದ್ದ ಫರ್ಡಿನಾಂಡ್ ಬ್ರಾಂಡ್ನರ್ ಎಂಬ ಎಂಜಿನಿಯರು ಯುದ್ಧಾನಂತರ ಸೋವಿಯತ್ ಒಕ್ಕೂಟದಲ್ಲಿ ದುಡಿದು, 1960ರ ದಶಕದಲ್ಲಿ ಈಜಿಪ್ಟಿನ ಹೆಲ್ವಾನಿನಲ್ಲಿ ‘ಇ-300’ ಎಂಜಿನ್ನನ್ನು ರೂಪಿಸತೊಡಗಿದರು.

ಇತ್ತ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳೂ ಎಂಜಿನ್ನುಗಳೂ ಅಲ್ಲಿ ದುರಸ್ತಿಗೊಂಡವು. 1956ರಲ್ಲಿ, ಜರ್ಮನಿಯ ಹೆಸರಾಂತ ಎಫ್‌ಡಬ್ಲ್ಯು 190 ವಿಮಾನವನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ ಅವರು ಅಲ್ಲಿಗೆ ಬಂದರು. ಅವರ ನೇತೃತ್ವದಲ್ಲಿ ಸಿದ್ಧವಾದ ಮಾರುತ್ 1961ರ ಜೂನ್ 17ರಂದು ಹಾರಿತು.

ಶಬ್ದದ ವೇಗವನ್ನು ಮೀರಲೆಂದೇ ರೂಪಿಸಿದ ಆ ವಿಮಾನಕ್ಕೆ ತಕ್ಕ ಎಂಜಿನ್ ಮಾತ್ರ ದೊರೆಯಲಿಲ್ಲ. ಬ್ರಿಟನ್ನಿನ ಪರವಾನಗಿಯಿಂದ ಇಲ್ಲಿ ತಯಾರಾದ ‘ಆರ್ಫಿಯಸ್ 703’ ಎರಡನ್ನು ಅಳವಡಿಸಿದರೂ ಬಲ ಸಾಲದಾಯಿತು. 1967ರಲ್ಲಿ ಒಂದು ಮಾರುತ್ ವಿಮಾನಕ್ಕೆ ಬ್ರಾಂಡ್ನರ್ ಅವರ ಎಂಜಿನ್ನನ್ನು ಜೋಡಿಸಿ ಈಜಿಪ್ಟಿನಲ್ಲಿ ಹಾರಿಸಿ ನೋಡಿದರು. ಆ ಯೋಜನೆಯೂ 1969ರಲ್ಲಿ ನಿಂತುಹೋಯಿತು. 1971ರ ಯುದ್ಧದಲ್ಲಿ ಮಾರುತ್ ಸಮರ್ಥವಾಗಿ ಸೇವೆ ಸಲ್ಲಿಸಿತಾದರೂ ಉದ್ದೇಶಿತ ವೇಗವನ್ನು ಮುಟ್ಟಲಿಲ್ಲ.

ಈ ಪಾಠ ನಮಗೆ ದೂರದ್ದಲ್ಲ. ನಮ್ಮ ವೇಮಗಲ್ಲಿನಲ್ಲಿಯೇ ಏರ್‌ಬಸ್ ಮತ್ತು ಟಾಟಾ ಸಂಸ್ಥೆಗಳು ‘ಎಚ್ 125’ ಹೆಲಿಕಾಪ್ಟರುಗಳನ್ನು ಜೋಡಿಸುವುದೆಂದು 2025ರಲ್ಲಿ ಘೋಷಣೆಯಾಯಿತು. ಅದರ ಎಂಜಿನ್ ಫ್ರಾನ್ಸಿನ ವಿನ್ಯಾಸದ್ದು. ಜೋಡಣೆಯು ಮೊದಲ ಮೆಟ್ಟಿಲು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಉರಿಯನ್ನು ತಾಳುವ ಲೋಹವನ್ನು ಪಳಗಿಸುವ ವಿದ್ಯೆ ನಕ್ಷೆಯೊಡನೆ ಕೊಳ್ಳಲು ಸಿಕ್ಕುವಂಥದಲ್ಲ. ಅದು ಶಾಲೆಯ ಪ್ರಯೋಗಶಾಲೆಯಲ್ಲಿ ಮೊಳೆತು, ಕಮ್ಮಟದಲ್ಲಿ ವರ್ಷಾನುವರ್ಷ ಬೆಳೆಯಬೇಕು. ಆ ಬೀಜವನ್ನು ಬಿತ್ತುವ ಹೊಣೆ ಅಧ್ಯಾಪಕರದು. ಅದಕ್ಕೆ ನೀರೆರೆಯುವ ಹೊಣೆ ದಾನಿಗಳದು.