ದರ ಇಳಿದ ವರ್ಷವೇ ಆಳಿನ ಲೆಕ್ಕ ಬರೆಯಿರಿ



ನಮ್ಮ ಬೆಳೆಯ ದರ ನಮ್ಮ ಕೈಯಲ್ಲಿಲ್ಲ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದಾಗ ದರ ನೆಲ ಕಚ್ಚಿತು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಇಲ್ಲಿ ದರ ಏರಿತು. 2001-02ರಲ್ಲಿ ಮತ್ತೆ ಪಾತಾಳ ಕಂಡಿತು. 2025ರ ಆರಂಭದಲ್ಲಿ ಅರೇಬಿಕಾ, ರೋಬಸ್ಟಾ ಎರಡೂ ಹಿಂದೆಂದೂ ಕಾಣದ ಎತ್ತರಕ್ಕೆ ಹೋದವು. ಅಡಿಕೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ.

ದರ ಅಲುಗಾಡಿದ ಕೂಡಲೇ ನಾವು ಮೊದಲು ಕೈ ಹಾಕುವುದು ಆಳಿನ ಖರ್ಚಿಗೆ. "ಈ ವರ್ಷ ನೋಡೋಣ, ದರ ಬಂದಾಗ ಆಳು ತಂದರಾಯಿತು" ಎನ್ನುತ್ತೇವೆ. ಇದು ಬಾಯಾರಿದಾಗ ಬಾವಿ ತೋಡಿದ ಹಾಗೆ. ದರ ಯಾವಾಗ ಏರುತ್ತದೆಂದು ಯಾರಿಗೂ ಗೊತ್ತಿಲ್ಲ. ಗಿಡಕ್ಕೆ ಕೆಲಸ ಯಾವಾಗ ಬೇಕೆಂಬುದು ಮಾತ್ರ ನಮಗೆಲ್ಲರಿಗೂ ಗೊತ್ತು. ಆದ್ದರಿಂದ ಆಳಿನ ಲೆಕ್ಕವನ್ನು ಗಿಡವನ್ನು ನೋಡಿ ಬರೆಯಬೇಕು, ಪೇಟೆಯನ್ನು ನೋಡಿ ಅಲ್ಲ.

ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. 2002ರಲ್ಲಿ ತೋಟದ ಉಸ್ತುವಾರಿ ಹೊಸದಾಗಿ ನನ್ನ ಕೈಗೆ ಬಂದಿತ್ತು. ಪದವಿ ಓದಿದವನೆಂಬ ಧೈರ್ಯದಿಂದ ಕಾಗದದ ಮೇಲೆ ಲೆಕ್ಕ ಹಾಕಿ, ಲೈನಿನಲ್ಲಿದ್ದ ಆರು ಕುಟುಂಬಗಳಲ್ಲಿ ನಾಲ್ಕನ್ನು ಕಳಿಸಿಬಿಟ್ಟೆ. "ಮರಗಸಿ ಬಲ್ಲವನನ್ನೂ ಬೋರರ್ ಗಿಡ ಗುರುತಿಸುವವಳನ್ನೂ ಕಳಿಸಬೇಡವೋ" ಎಂದು ತಂದೆಯವರು ಹೇಳಿದರು, ನಾನು ಕೇಳಲಿಲ್ಲ. ಎರಡು ವರ್ಷ ಬಟವಾಡೆಯಲ್ಲಿ ಹಣ ಉಳಿಯಿತು. ಮೂರನೆಯ ವರ್ಷ ಒಂದೇ ಎಕರೆ ಅರೇಬಿಕಾದಲ್ಲಿ ಬೋರರ್ ಹಿಡಿದ ಮುನ್ನೂರಕ್ಕೂ ಮಿಕ್ಕಿ ಗಿಡ ಕೀಳಬೇಕಾಯಿತು. ಆ ಜಾಗದಲ್ಲಿ ನೆಟ್ಟ ಸಸಿ ಫಸಲಿಗೆ ಬರಲು ಮತ್ತೆ ಮೂರು ನಾಲ್ಕು ವರ್ಷ. ಅಷ್ಟರಲ್ಲಿ ದರ ಚೇತರಿಸಿಕೊಂಡಿತ್ತು, ನನ್ನ ಬಳಿ ಕಾಫಿ ಇರಲಿಲ್ಲ. ಹಳೆಯ ಕುಟುಂಬಗಳನ್ನು ಹುಡುಕಿಕೊಂಡು ಹೋದೆ. ಬೆಂಗಳೂರಿನ ಕಟ್ಟಡ ಕೆಲಸ ಹಿಡಿದವರು ತಿರುಗಿ ಬರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಾಗಾದರೆ ಏನು ಮಾಡಬೇಕು? ನಾನು ಈಚೆಗೆ ಅನುಸರಿಸುತ್ತಿರುವ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ.

1. ಕೆಲಸಗಳನ್ನು ಮೂರು ಪಾಲು ಮಾಡಿ. ಮುಂದೂಡಲಾಗದವು, ಒಂದೆರಡು ತಿಂಗಳು ತಡೆಯುವಂಥವು, ಒಂದು ವರ್ಷ ಬಿಟ್ಟರೂ ನಡೆಯುವಂಥವು. ಬೋರರ್ ದುಂಬಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ರೋಗದ ಗಿಡ ಹುಡುಕಿ ಕಿತ್ತು ಸುಡಬೇಕು. ಅಡಿಕೆಗೆ ಕೊಳೆ ಬಾರದಂತೆ ಶೇ. 1ರ ಬೋರ್ಡೋ ದ್ರಾವಣ ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಬೀಳಲೇಬೇಕು. ಇವೂ ಕೊಯಿಲೂ ಮೊದಲನೆಯ ಪಾಲಿಗೆ ಸೇರಿದವು. ಬೇಲಿ, ರಸ್ತೆ, ಹೊಸ ನಾಟಿಯನ್ನು ಕಷ್ಟದ ವರ್ಷ ನಿಲ್ಲಿಸಬಹುದು.

2. ಕೊಯಿಲಿನ ಆಳನ್ನು ಎಣಿಸಿ. ಇಪ್ಪತ್ತು ಸಾವಿರ ಕಿಲೋ ರೋಬಸ್ಟಾ ಹಣ್ಣಿದೆ, ಒಬ್ಬರು ದಿನಕ್ಕೆ ಸರಾಸರಿ 80 ಕಿಲೋ ಕೊಯ್ಯುತ್ತಾರೆ ಎಂದಿಟ್ಟುಕೊಳ್ಳೋಣ. ಒಟ್ಟು 250 ಆಳು ಬೇಕು. 25 ದಿನದಲ್ಲಿ ಮುಗಿಯಬೇಕಾದರೆ ದಿನಕ್ಕೆ ಹತ್ತು ಜನ. ಐದೇ ಜನ ಬಂದರೆ 50 ದಿನ. ಅಷ್ಟು ಹೊತ್ತಿಗೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ, ಉಳಿದ ಕಾಯಿಯಲ್ಲಿ ಕಾಯಿಕೊರಕ ಮನೆ ಮಾಡುತ್ತದೆ, ಹೂಮಳೆ ಬಂದರೆ ಕೊಯ್ಯದ ಗಿಡದ ಮೇಲೇ ಹೂವು ಬರುತ್ತದೆ. ನಿಮ್ಮ ತೋಟದ ಅಂಕಿಯನ್ನು ಹಿಂದಿನ ಮೂರು ವರ್ಷದ ಚೆಕ್‌ರೋಲಿನಿಂದ ತೆಗೆಯಿರಿ.

3. ಬುಡದ ಕುಟುಂಬಗಳನ್ನು ಬಿಡಬೇಡಿ. ತೋಟದ ಮೂಲೆ ಮೂಲೆ ಬಲ್ಲ ಒಂದೆರಡು ಕುಟುಂಬಗಳಿಗೆ ವರ್ಷವಿಡೀ ಕೆಲಸ ಸಿಗುವಂತೆ ನೋಡಿಕೊಳ್ಳಿ. ತಡೆದಿಟ್ಟ ಎರಡನೆಯ ಪಾಲಿನ ಕೆಲಸಗಳು ಒದಗಿಬರುವುದು ಇಂಥ ಖಾಲಿ ದಿನಗಳಿಗೆ.

4. ಮೇಸ್ತ್ರಿಯೊಡನೆ ಮಾತು ಮಳೆಗಾಲದಲ್ಲೇ ಆಗಲಿ. ನವೆಂಬರ್ ತಿಂಗಳಲ್ಲಿ ಫೋನು ಮಾಡಿದರೆ ಆತ ಬೇರೆ ತೋಟದಲ್ಲಿರುತ್ತಾನೆ. ಜುಲೈ-ಆಗಸ್ಟ್‌ನಲ್ಲಿ ಆತನ ಊರಿಗೇ ಹೋಗಿ, ಎಷ್ಟು ಜನ, ಯಾವ ದಿನದಿಂದ, ಏನು ಕೂಲಿ ಎಂದು ಬರೆದು ಒಪ್ಪಿಕೊಳ್ಳಿ. ದರ ಬಿದ್ದರೆ ಎಷ್ಟು ಜನ ಸಾಕು ಎಂಬುದನ್ನೂ ಆಗಲೇ ಹೇಳಿಬಿಡಿ. ಬಂದವರನ್ನು ವಾಪಸು ಕಳಿಸಿದ ತೋಟಕ್ಕೆ ಮರು ವರ್ಷ ಯಾರೂ ಬರರು. ಮುಂಗಡ ಚಿಕ್ಕದಿರಲಿ, ಪುಸ್ತಕದಲ್ಲಿರಲಿ. ಮುಂಗಡದ ಸಾಲ ತೋರಿಸಿ ಯಾರನ್ನೂ ತೋಟದಲ್ಲಿ ಕಟ್ಟಿಹಾಕುವಂತಿಲ್ಲ. 1976ರ ಜೀತ ಪದ್ಧತಿ ರದ್ದು ಕಾಯಿದೆಯಂತೆ ಅದು ಅಪರಾಧ.

5. ಕಸುಬು ಬಲ್ಲವರನ್ನು ತಯಾರು ಮಾಡಿ. ಇಂದಿನ ಕೊನೆಗಾರರಲ್ಲಿ ಅನೇಕರಿಗೆ ವಯಸ್ಸಾಗಿದೆ. ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ಇಳಿಸುವುದನ್ನೂ ಔಷಧಿ ಹೊಡೆಯುವುದನ್ನೂ ಊರಿನ ಇಬ್ಬರು ಯುವಕರಿಗೆ ಕಲಿಸಿದರೆ ಸುತ್ತಲಿನ ಹತ್ತು ತೋಟಗಳಿಗೆ ಅನುಕೂಲ. ಕಲಿಯುವ ದಿನಗಳಿಗೂ ಕೂಲಿ ಕೊಡಬೇಕು.

6. ಮುಯ್ಯಾಳು ಪದ್ಧತಿಯನ್ನು ನೆನೆಯಿರಿ. ಅರೇಬಿಕಾ ಕೊಯಿಲು ಮೊದಲು ಮುಗಿಯುತ್ತದೆ, ರೋಬಸ್ಟಾ ಆಮೇಲೆ. ಅಕ್ಕಪಕ್ಕದವರು ದಿನ ಹೊಂದಿಸಿಕೊಂಡರೆ ಒಂದೇ ತಂಡಕ್ಕೆ ಮೂರು ತಿಂಗಳು ಬಿಡುವಿಲ್ಲದ ಕೆಲಸ ಸಿಗುತ್ತದೆ. ಮೂರು ತಿಂಗಳು ಕೆಲಸವಿದೆ ಎಂದರೆ ದೂರದವರೂ ಬರುತ್ತಾರೆ. ಹದಿನೈದು ದಿನಕ್ಕೆ ಯಾರು ಗಂಟು ಕಟ್ಟಿಕೊಂಡು ಬಂದಾರು?

ಕೊನೆಯದಾಗಿ ಒಂದು ಮಾತು. ಕೂಲಿ ಒಂದೇ ಆದಾಗ ಕೆಲಸಗಾರರು ಸೋರದ ಲೈನು ಮನೆ, ಕುಡಿಯುವ ನೀರು, ಶೌಚಾಲಯ ನೋಡುತ್ತಾರೆ. ಹೇಳಿದ ದಿನ ಬಟವಾಡೆ ಆಗುತ್ತದೆಯೇ ಎಂದು ಕೇಳುತ್ತಾರೆ. ದರ ಇಳಿದ ವರ್ಷ ಹೆಂಚು ಸರಿಪಡಿಸಿದವನ ತೋಟ ದರ ಏರಿದ ವರ್ಷ ಖಾಲಿ ಇರುವುದಿಲ್ಲ.

ಸದಸ್ಯರು ತಮ್ಮ ಕೊಯಿಲಿಗೆ ಬೇಕಾದ ಆಳಿನ ಸಂಖ್ಯೆಯನ್ನೂ ದಿನಗಳನ್ನೂ ಒಂದು ಹಾಳೆಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಎಲ್ಲರ ಹಾಳೆ ಒಟ್ಟಿಗೆ ಇಟ್ಟು ನೋಡಿದರೆ ಯಾರ ತಂಡ ಯಾವಾಗ ಯಾರ ತೋಟಕ್ಕೆ ಹೋಗಬಹುದೆಂಬುದು ತಾನಾಗಿ ಕಾಣುತ್ತದೆ. ಮುಂದಿನ ಬಟವಾಡೆಗೆ ಕೂರುವಾಗ ಚೆಕ್‌ರೋಲು ಹೇಗೂ ಎದುರಿಗಿರುತ್ತದೆ. ಈ ಲೆಕ್ಕವನ್ನೂ ಅಂದೇ ಬರೆದುಬಿಡಿ.

— ಕಾರ್ಯದರ್ಶಿ